ನಿವೃತ್ತ ನಾಯಿಗೊಂದು ಮನೆ

ಸಂಘದ ಹಿರಿಯ ಸದಸ್ಯರೊಬ್ಬರು ಮೊನ್ನೆ ಕೇಳಿದರು: “ಅಲ್ಲಪ್ಪ, ಇಂಗ್ಲೆಂಡಿನಲ್ಲಿರುವ ನಮ್ಮ ಹುಡುಗ ಮನೆಗೆ ನಾಯಿ ತರುತ್ತಾನಂತೆ. ಮರಿಯನ್ನಾದರೂ ತರಬಾರದೆ? ನಾಲ್ಕು ವರ್ಷದ್ದಂತೆ, ರಿಟೈರ್ ಆಗಿದೆಯಂತೆ. ನಾಯಿಗೂ ರಿಟೈರ್‌ಮೆಂಟೆ?” ಪ್ರಶ್ನೆ ನಗೆ ಬರಿಸುವಂತಿದ್ದರೂ ಉತ್ತರ ಅಷ್ಟು ಹಗುರವಾದುದಲ್ಲ. ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವ ಸಂಸಾರಗಳು ನಮ್ಮಲ್ಲಿ ಹಲವಿರುವುದರಿಂದ ಈ ಸಲದ ಅಂಕಣವನ್ನು ಆ ನಾಯಿಗೇ ಮೀಸಲಿಟ್ಟಿದ್ದೇನೆ.

ನಾಯಿಯ ಜಾತಿ ಗ್ರೇಹೌಂಡ್. ನಮ್ಮ ಮುಧೋಳದ ಬೇಟೆನಾಯಿಯನ್ನು ಕಂಡವರಿಗೆ ಅದರ ರೂಪವನ್ನು ವರ್ಣಿಸಬೇಕಾಗಿಲ್ಲ: ನೀಳವಾದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ, ಉದ್ದನೆಯ ಸಪೂರ ಕಾಲು. ಎರಡೂ ಮುಖ್ಯವಾಗಿ ಕಣ್ಣನ್ನೇ ನಂಬಿ ಬೇಟೆಯನ್ನು ಅಟ್ಟಿಕೊಂಡು ಹೋಗುವಂಥವು. ಮುಧೋಳದ ನಾಯಿಗೆ 2005ರಲ್ಲಿ ನಮ್ಮ ಅಂಚೆ ಇಲಾಖೆ ಅಂಚೆಚೀಟಿಯ ಗೌರವ ಕೊಟ್ಟಿತು. ಗ್ರೇಹೌಂಡಿನ ಹಣೆಯಲ್ಲಿ ಬರೆದಿದ್ದುದು ಜೂಜು.

1919ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಎಮೆರಿವಿಲ್ ಎಂಬಲ್ಲಿ ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬಾತ ಯಂತ್ರದ ಮೊಲವನ್ನು ಮುಂದೆ ಓಡಿಸಿ ಅದರ ಬೆನ್ನಿಗೆ ನಾಯಿಗಳನ್ನು ಬಿಡುವ ಓಟದಂಗಣ ತೆರೆದನು. 1926ರ ಜುಲೈ 24ರಂದು ಇದೇ ಆಟ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದಿತು. ಮಹಾಲಕ್ಷ್ಮಿಯ ರೇಸನ್ನು ಬಲ್ಲ ಮುಂಬಯಿಯವರು ಕುದುರೆಯ ಸ್ಥಾನದಲ್ಲಿ ನಾಯಿಯನ್ನಿಟ್ಟು, ಜಾಕಿಯನ್ನು ತೆಗೆದುಹಾಕಿ ಊಹಿಸಿಕೊಂಡರೆ ಸಾಕು. ಗಂಟೆಗೆ 40 ಮೈಲಿಯ ವೇಗ. 480 ಮೀಟರಿನ ಓಟ ಅರ್ಧ ನಿಮಿಷದಲ್ಲಿ ಪೂರೈಸುತ್ತದೆ. ಆ ಅರ್ಧ ನಿಮಿಷದ ಮೇಲೆ ಹಣ ಕಟ್ಟಿದವರು ಮನೆಗೆ ಹೋಗುತ್ತಾರೆ. ನಾಯಿ ತನ್ನ ಗೂಡಿಗೆ ಹೋಗುತ್ತದೆ.

ಇದರ ‘ಸರ್ವಿಸ್’ ನೋಡಿ. ಒಂದೂವರೆ ವರ್ಷದ ಸುಮಾರಿಗೆ ಕೆಲಸಕ್ಕೆ ಸೇರಿದರೆ ನಾಲ್ಕೈದು ವರ್ಷಕ್ಕೆ ನಿವೃತ್ತಿ. ಕಾಲು ಮುರಿದರೆ ಇನ್ನೂ ಮೊದಲೇ. ಆಯುಸ್ಸೋ ಹತ್ತು-ಹದಿಮೂರು ವರ್ಷ. ನಾವು ಕಚೇರಿಯವರು ದುಡಿಮೆಯ ಬಹುಭಾಗ ಮುಗಿಸಿ ಪಿಂಚಣಿಗೆ ಕೈಯೊಡ್ಡುತ್ತೇವೆ. ಇದಕ್ಕೆ ಬಾಳಿನ ಹೆಚ್ಚು ಭಾಗ ಉಳಿದಿರುವಾಗಲೇ ಕೆಲಸ ಮುಗಿದಿರುತ್ತದೆ, ಪಿಂಚಣಿಯ ಮಾತೇ ಇಲ್ಲ. ಹಿಂದಿನ ಕಾಲದಲ್ಲಿ ಗೆಲ್ಲಲಾರದ ಎಷ್ಟೋ ನಾಯಿಗಳನ್ನು ಕೊಂದೇಬಿಡುತ್ತಿದ್ದರು. 1929 ಮತ್ತು 1930ರಲ್ಲಿ ಇಂಗ್ಲಿಷ್ ಡರ್ಬಿಯನ್ನು ಗೆದ್ದ ಮಿಕ್ ದಿ ಮಿಲ್ಲರ್ ಎಂಬ ನಾಯಿಯ ದೇಹವನ್ನು ಕಾಪಾಡಿ ಟ್ರಿಂಗ್ ಊರಿನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ. ಸತ್ತ ಮೇಲೆ ಗಾಜಿನ ಪೆಟ್ಟಿಗೆ ಒಬ್ಬನಿಗೆ. ಬದುಕಿರುವಾಗ ಒಂದು ಚಾಪೆ ಬೇಕಾಗಿದ್ದುದು ಉಳಿದವರೆಲ್ಲರಿಗೆ.

ಚಾಪೆ ಒದಗಿಸುವ ಕೆಲಸ ನಿಧಾನವಾಗಿ ಆರಂಭವಾಯಿತು. 1975ರಲ್ಲಿ ಬ್ರಿಟನ್ನಿನಲ್ಲಿ ನಿವೃತ್ತ ಗ್ರೇಹೌಂಡುಗಳಿಗೆ ಮನೆ ಹುಡುಕಿಕೊಡುವ ಟ್ರಸ್ಟ್ ಹುಟ್ಟಿತು. ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ ಇಂಥ ಸಂಸ್ಥೆಗಳು ಬೆಳೆದುವು. 2018ರ ನವೆಂಬರಿನಲ್ಲಿ ಫ್ಲಾರಿಡಾ ಪ್ರಾಂತದ ಮತದಾರರಲ್ಲಿ ನೂರಕ್ಕೆ 69 ಮಂದಿ ಈ ಜೂಜು ಬೇಡವೆಂದರು. 2020ರ ಕೊನೆಗೆ ಅಲ್ಲಿ ಓಟ ನಿಂತಿತು. ತಾನೂ ನಿಲ್ಲಿಸುವೆನೆಂದು ನ್ಯೂಜಿಲೆಂಡ್ ಸರಕಾರ 2024ರಲ್ಲಿ ಸಾರಿತು. ಸಂತೋಷವೇ ಸರಿ. ಆದರೆ ಅಂಗಣ ಮುಚ್ಚಿದ ದಿನ ಅಷ್ಟೂ ನಾಯಿಗಳಿಗೆ ಒಟ್ಟಿಗೇ ಮನೆ ಬೇಕಾಗುತ್ತದಲ್ಲ!

ಮನೆಗೆ ಬಂದ ನಾಯಿಗೆ ಮನೆಯೆಂದರೇನೆಂದೇ ತಿಳಿದಿರುವುದಿಲ್ಲ. ಮೆಟ್ಟಿಲನ್ನು ಅದು ಹತ್ತಿ ಅರಿಯದು. ಒಂದೊಂದೇ ಪಾದವನ್ನು ಎತ್ತಿಟ್ಟು ಕಲಿಸಬೇಕು. ಗಾಜಿನ ಬಾಗಿಲನ್ನು ಬಯಲೆಂದು ತಿಳಿದು ಢಿಕ್ಕಿ ಹೊಡೆಯುತ್ತದೆ. ನುಣುಪಾದ ನೆಲದ ಮೇಲೆ ನಡುಗುತ್ತ ನಿಲ್ಲುತ್ತದೆ. ಹುಟ್ಟಿದಂದಿನಿಂದ ಇತರ ನಾಯಿಗಳ ನಡುವೆಯೇ ಬೆಳೆದುದರಿಂದ ಒಂಟಿತನವೆಂದರೆ ಅದಕ್ಕೆ ಭಯ. ಗಂಡಹೆಂಡಿರಿಬ್ಬರೂ ಬೆಳಗ್ಗೆ ಹೋಗಿ ರಾತ್ರಿ ಬರುವ ಮನೆಗೆ ಇದನ್ನು ತರುವುದು ಬೇಡವೆಂದೇ ನನ್ನ ಅಭಿಪ್ರಾಯ. ಮೊದಮೊದಲು ಐದು ನಿಮಿಷ, ಆಮೇಲೆ ಹತ್ತು ನಿಮಿಷವೆಂದು ಒಬ್ಬಂಟಿಯಾಗಿರುವುದನ್ನೂ ಪಾಠದಂತೆ ಕಲಿಸಬೇಕಾಗುತ್ತದೆ.

ಇನ್ನೊಂದು ಸೋಜಿಗ. ಇಷ್ಟು ಓಡುವ ಪ್ರಾಣಿ ಮನೆಯಲ್ಲಿ ಶುದ್ಧ ಸೋಮಾರಿ! ದಿನಕ್ಕೆರಡು ಸಲ ಅರ್ಧರ್ಧ ಗಂಟೆ ನಡೆಸಿದರೆ ಮಿಕ್ಕ ಹೊತ್ತೆಲ್ಲ ನಿದ್ರೆ. ಮೈಯಲ್ಲಿ ಕೊಬ್ಬು ಕಡಮೆ, ಕೂದಲೂ ತೆಳು; ಆ ದೇಶದ ಚಳಿಗೆ ಅಂಗಿ ತೊಡಿಸಲೇಬೇಕು. ತಲೆಗಿಂತ ಕೊರಳೇ ದಪ್ಪವಾದ್ದರಿಂದ ಸಾಮಾನ್ಯ ಪಟ್ಟಿ ಜಾರಿಹೋಗುತ್ತದೆ. ಎಳೆದರೆ ಬಿಗಿಯಾಗುವ ಅಗಲ ಪಟ್ಟಿ ಬೇಕು. ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಲೇಬಾರದು. ಅಳಿಲೊಂದು ಕಣ್ಣಿಗೆ ಬಿದ್ದರೆ ಯಜಮಾನನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ಸಹಿಸುವ ನಾಯಿಯನ್ನೇ ಪರೀಕ್ಷಿಸಿ ಕೊಡುವಂತೆ ಸಂಸ್ಥೆಯವರನ್ನು ಕೇಳಬೇಕು. ಶಸ್ತ್ರಚಿಕಿತ್ಸೆಯೇನಾದರೂ ಬಂದರೆ ಗ್ರೇಹೌಂಡನ್ನು ಬಲ್ಲ ಪಶುವೈದ್ಯರೇ ಆಗಬೇಕು. ಕೆಲವು ಬಗೆಯ ಅರಿವಳಿಕೆ ಇದಕ್ಕೆ ಒಗ್ಗುವುದಿಲ್ಲ.

ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೆಂದೋ ಆರು ತಿಂಗಳು ಮಕ್ಕಳ ಮನೆಗೆ ಹೋಗುವ ತಾಯಂದಿರಿಗೆ ಎರಡು ಮಾತು. ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸಬೇಡಿ, ಮೊಮ್ಮಗುವನ್ನೂ ಬಿಡಬೇಡಿ. ಕಣ್ಣು ತೆರೆದುಕೊಂಡೇ ನಿದ್ರಿಸುವ ಗ್ರೇಹೌಂಡುಗಳುಂಟು. ಬೆಚ್ಚಿಬಿದ್ದು ಹಲ್ಲು ಹಾಕಿದರೆ ದೋಷ ಅದರದಲ್ಲ. ಹೆಸರು ಹಿಡಿದು ದೂರದಿಂದ ಕರೆಯಿರಿ. ಎರಡನೆಯದು, ‘ಪಾಪ, ನೋಡುತ್ತಿದೆ’ ಎಂದು ತಟ್ಟೆಯಲ್ಲಿ ಮಿಕ್ಕದ್ದನ್ನು ಹಾಕಬೇಡಿ. ಪಾಯಸದ ದ್ರಾಕ್ಷಿ, ಈರುಳ್ಳಿ ಹುಳಿ, ಮಕ್ಕಳ ಚಾಕೊಲೇಟು, ಮೂರೂ ನಾಯಿಗೆ ವಿಷ. ಅಡಿಗೆಮನೆಗೆ ಬಾರದಂತೆ ತಡೆಯಬೇಕೆಂದರೆ ಬಾಗಿಲಿಗೆ ಅಡ್ಡಗೇಟು ಹಾಕಿಸಿ; ಮಡಿಯೂ ಉಳಿಯುತ್ತದೆ, ನಾಯಿಯೂ ಉಳಿಯುತ್ತದೆ.

ಮರಿಯನ್ನೇ ತರಬಾರದೆ ಎಂಬ ಮಾತು ತಪ್ಪೇನಲ್ಲ. ಮರಿಯನ್ನು ನಮ್ಮ ಮನೆಗೆ ತಕ್ಕಂತೆ ಬೆಳೆಸಬಹುದು. ಇದು ಬೇರೊಂದು ಬಾಳನ್ನು ಬಾಳಿ ಬಂದದ್ದು. ಹಲವು ನಾಯಿಗಳ ಕಿವಿಯೊಳಗೆ ಹಚ್ಚೆಯಿರುತ್ತದೆ, ಅಳಿಸಲು ಬಾರದ ಸರ್ವಿಸ್ ಪುಸ್ತಕ! ಇಂಥದನ್ನು ಮರುಕದಿಂದ ಮಾತ್ರ ತಂದರೆ ಮರುಕ ಒಂದು ತಿಂಗಳಿಗೆ ಮುಗಿದೀತು. ತಾಳ್ಮೆಯಿದ್ದು ತಂದವರ ಮನೆಯಲ್ಲಿ ಕೆಲವು ತಿಂಗಳಲ್ಲಿ ಅದು ಹೊಂದಿಕೊಳ್ಳುತ್ತದೆ. ಓಡಿಸಿ ಹಣ ಎಣಿಸಿದವರು ಯಾರೋ, ಅನ್ನವಿಡುವವರು ಯಾರೋ. ಈ ಲೆಕ್ಕ ನ್ಯಾಯದ್ದಲ್ಲವೆಂದು ಅನ್ನವಿಡುವವರು ಬಲ್ಲರು; ಬಲ್ಲರಾದರೂ ಇಡುತ್ತಾರೆ. ಮಕ್ಕಳು ಅಂಥ ಮನಸ್ಸು ಮಾಡಿದ್ದರೆ ಹಿರಿಯರು ಅಡ್ಡ ಬರುವುದು ಬೇಡ. ಮನೆಯಲ್ಲಿ ಹಗಲು ಯಾರಿರುತ್ತೀರಿ, ಮುಂದಿನ ಏಳೆಂಟು ವರ್ಷದ ಖರ್ಚನ್ನು ತೂಗಿದ್ದೀರಾ ಎಂದಷ್ಟೇ ಕೇಳಿದರೆ ಸಾಕು.