ಕ್ಲಬ್ ಟ್ರೋಫಿ ಯಾರಿಗೆ: ನೆಟ್ ಸ್ಕೋರಿಗೋ, ಗ್ರಾಸ್ ಸ್ಕೋರಿಗೋ?

ಗಾಲ್ಫ್ ಕ್ಲಬ್‌ಗಳ ಮುಖ್ಯ ಟ್ರೋಫಿಯನ್ನು ಹೊಡೆದ ಒಟ್ಟು ಸ್ಟ್ರೋಕಿನ (ಗ್ರಾಸ್) ಬದಲು ಹ್ಯಾಂಡಿಕ್ಯಾಪ್ ಕಳೆದ ಸ್ಕೋರಿನ (ನೆಟ್) ಮೇಲೆ ಕೊಡುವುದು ಸರಿಯೇ? ಬೆಂಗಳೂರಿನ ಇಬ್ಬರು ಕ್ಲಬ್ ಆಟಗಾರರ ವಾದ ಇಲ್ಲಿದೆ.

ಪರ
(ಹ್ಯಾಂಡಿಕ್ಯಾಪ್ ಇಂಡೆಕ್ಸ್ 18.4ರ ಆಟಗಾರ್ತಿ)

"ಸ್ಟ್ರೋಕ್ ತಗೊಂಡು ಗೆದ್ರಿ ಬಿಡಿ ಮೇಡಂ." ಈ ಮಾತಾಡುವವರು ಪ್ರತಿ ಕ್ಲಬ್ಬಿನಲ್ಲೂ ಒಬ್ಬರಾದರೂ ಇರುತ್ತಾರೆ. ನಗುನಗುತ್ತಲೇ ಹೇಳುತ್ತಾರೆ. ಅರ್ಥ ಮಾತ್ರ ಸ್ಪಷ್ಟ: ಗೆಲುವು ನೀವು ಗಳಿಸಿದ್ದಲ್ಲ, ನಿಮಗೆ ಕೊಟ್ಟಿದ್ದು. ಇಂಥವರನ್ನು ಕೂರಿಸಿ, ಹ್ಯಾಂಡಿಕ್ಯಾಪ್ ಲೆಕ್ಕ ಹೇಗೆ ಹಾಕುತ್ತಾರೆ ಹೇಳಿ ಎಂದು ಕೇಳಿ ನೋಡಿ. "ನಮ್ಮ ಆವರೇಜ್ ಸ್ಕೋರು ಅಷ್ಟೇ" ಅನ್ನುತ್ತಾರೆ. ಇಪ್ಪತ್ತು ವರ್ಷ ಆಡಿದವರೂ ಹಾಗೇ ಅನ್ನುತ್ತಾರೆ.

ಆವರೇಜ್ ಅಲ್ಲ. 2020ರಲ್ಲಿ ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸೇರಿ ಜಗತ್ತಿನಲ್ಲಿದ್ದ ಆರು ಪದ್ಧತಿಗಳನ್ನು ಒಂದು ಮಾಡಿ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ತಂದ ಮೇಲೆ, ಕೊನೆಯ 20 ಕಾರ್ಡುಗಳಲ್ಲಿ ಅತ್ಯುತ್ತಮ 8ರ ಸರಾಸರಿಯೇ ನಿಮ್ಮ ಇಂಡೆಕ್ಸ್. ಮಿಕ್ಕ 12 ಲೆಕ್ಕಕ್ಕೇ ಇಲ್ಲ. ನಾನು ಎಂದಿನಂತೆ ಎಷ್ಟು ಹೊಡೆಯುತ್ತೇನೆ ಎಂಬುದನ್ನು ಹ್ಯಾಂಡಿಕ್ಯಾಪ್ ಹೇಳುವುದಿಲ್ಲ, ಕೈ ಕೂಡಿಬಂದ ದಿನ ಎಷ್ಟು ಹೊಡೆಯಬಲ್ಲೆ ಎಂಬುದನ್ನು ಹೇಳುತ್ತದೆ. ಇದರಿಂದ ಲಾಭ ಯಾರಿಗೆ? ಹ್ಯಾಂಡಿಕ್ಯಾಪ್ ನಾಲ್ಕರ ಆಟಗಾರರ ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ನಡುವೆ ಆರೇಳು ಸ್ಟ್ರೋಕ್ ಇರಬಹುದು. ನಾನು 88ಕ್ಕೂ ಬರುತ್ತೇನೆ, 104ಕ್ಕೂ ಬರುತ್ತೇನೆ. ಚೆನ್ನಾಗಿರುವ ಎಂಟನ್ನೇ ಹೆಕ್ಕಿದರೆ, ನಿಜವಾದ ಆಟದಿಂದ ಹೆಚ್ಚು ದೂರ ಸರಿಯುವುದು ನನ್ನ ಅಂಕಿ, ಅವರದಲ್ಲ. ಮಾಮೂಲಿ ಶನಿವಾರ ನಾವಿಬ್ಬರೂ ನಮ್ಮ ನಮ್ಮ ಮಾಮೂಲಿ ಆಟ ಆಡಿದರೆ, ಮೊದಲ ಟೀ ಮೇಲೆ ನಿಂತಾಗಲೇ ನಾನು ಒಂದೆರಡು ಸ್ಟ್ರೋಕ್ ಹಿಂದೆ. ಪದ್ಧತಿ ಮಾಡಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಚೆನ್ನಾಗಿ ಆಡುವವರ ಕಡೆಗೆ ತಕ್ಕಡಿ ಸ್ವಲ್ಪ ವಾಲಲಿ ಎಂದೇ ಹೀಗೆ ಮಾಡಿದ್ದಾರೆ. ನನಗೂ ತಕರಾರಿಲ್ಲ. ಆದರೆ ಆಮೇಲೆ ಬಂದು "ಸ್ಟ್ರೋಕ್ ತಗೊಂಡು" ಅನ್ನಬೇಡಿ.

ಇನ್ನೊಂದು ಲೆಕ್ಕ ನೋಡಿ. ಕೋರ್ಸ್ ರೇಟಿಂಗ್ 71.2, ಸ್ಲೋಪ್ 128, ಪಾರ್ 72 ಅಂದುಕೊಳ್ಳಿ. (ಹೆಂಗಸರ ರೇಟಿಂಗ್ ಬೇರೆಯೇ ಇರುತ್ತದೆ, ಲೆಕ್ಕ ಸುಲಭವಾಗಲೆಂದು ಇಬ್ಬರಿಗೂ ಒಂದೇ ಇಟ್ಟಿದ್ದೇನೆ.) ನನ್ನ 18.4ನ್ನು 128ರಿಂದ ಗುಣಿಸಿ, ಸಾಧಾರಣ ಕೋರ್ಸಿನ ಸ್ಲೋಪ್ ಆದ 113ರಿಂದ ಭಾಗಿಸಿ, ರೇಟಿಂಗಿಗೂ ಪಾರ್‌ಗೂ ಇರುವ 0.8ರ ವ್ಯತ್ಯಾಸ ಕಳೆದರೆ ಕೋರ್ಸ್ ಹ್ಯಾಂಡಿಕ್ಯಾಪ್ 20. ಎದುರಿನವರ ಇಂಡೆಕ್ಸ್ 4.2 ಆದರೆ ಅವರದು 4. ಸ್ಟ್ರೋಕ್ ಪ್ಲೇ ಪಂದ್ಯದಲ್ಲಿ ಇದರ 95 ಪರ್ಸೆಂಟ್ ಮಾತ್ರ ಸಿಗುತ್ತದೆ. ನನ್ನ 20 ಇಳಿದು 19 ಆಗುತ್ತದೆ. ಅವರ 4 ಇಳಿದು 3.8 ಆಗಿ, ರೌಂಡ್ ಮಾಡಿದಾಗ ಮತ್ತೆ 4! ಹೋದದ್ದು ನನ್ನ ಸ್ಟ್ರೋಕ್ ಮಾತ್ರ. ತುಂಬಾ ಜನ ಆಡುವ ಪಂದ್ಯದಲ್ಲಿ ಹೆಚ್ಚು ಹ್ಯಾಂಡಿಕ್ಯಾಪಿನವರಿಗೆ ಅನುಕೂಲ ಎನ್ನುವವರಿಗೆ ಇದೇ ಉತ್ತರ, ಮುಂದೆ ಹೋಗೋಣ.

ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಸ್ಟ್ರೋಕ್ ಇಂಡೆಕ್ಸ್ ಮೇಲೆ. ಕಾರ್ಡಿನಲ್ಲಿ ಪಾರ್ ಪಕ್ಕದಲ್ಲಿ 1ರಿಂದ 18ರವರೆಗೆ ಇರುವ, ಯಾವ ಹೋಲಿನಲ್ಲಿ ಸ್ಟ್ರೋಕ್ ಸಿಗುತ್ತದೆ ಎಂದು ಹೇಳುವ ಆ ಸಾಲು. ಇಂಡೆಕ್ಸ್ 1 ಅಂದರೆ ಕೋರ್ಸಿನ ಅತಿ ಕಷ್ಟದ ಹೋಲ್, 2 ಅಂದರೆ ಅದರ ನಂತರದ್ದು, ಹೀಗೆ ಬರೀ ಕಷ್ಟದ ಪಟ್ಟಿ ಎಂದು ತಿಳಿದಿರುವವರೇ ಹೆಚ್ಚು. ಕಷ್ಟವನ್ನೂ ನೋಡುತ್ತಾರೆ, ಅದಕ್ಕಿಂತ ಹೆಚ್ಚಾಗಿ ಸ್ಟ್ರೋಕುಗಳು ಒಂದೇ ಕಡೆ ರಾಶಿ ಬೀಳದಂತೆ ನೋಡುತ್ತಾರೆ. ಬೆಸ ಸಂಖ್ಯೆ ಒಂದು ಒಂಬತ್ತಕ್ಕೆ, ಸಮ ಸಂಖ್ಯೆ ಇನ್ನೊಂದಕ್ಕೆ. ಮೂರು ಮೂರು ಹೋಲ್‌ಗಳ ಆರು ಗುಂಪು ಮಾಡಿ, ಎಲ್ಲ ಗುಂಪಿಗೂ ಪಾಲು ಬರುವಂತೆ ಹಂಚುತ್ತಾರೆ. 1 ಮತ್ತು 2 ಆದಷ್ಟು ಆಯಾ ಒಂಬತ್ತರ ನಡುವಿನ ಗುಂಪಿನಲ್ಲಿ ಬರಬೇಕು. ಏಕೆಂದರೆ ಇಬ್ಬರ ಆಟದಲ್ಲಿ ನಾಲ್ಕೇ ಸ್ಟ್ರೋಕ್ ಸಿಗುವವನಿಗೆ ನಾಲ್ಕೂ ಕೊನೆಯ ನಾಲ್ಕು ಹೋಲ್‌ನಲ್ಲಿ ಬಂದರೆ, ಅಷ್ಟು ಹೊತ್ತಿಗೆ ಮ್ಯಾಚೇ ಮುಗಿದಿರುತ್ತದೆ. ಸ್ಟ್ರೋಕ್ ಎಷ್ಟು ಎನ್ನುವುದರಷ್ಟೇ ಎಲ್ಲಿ ಎನ್ನುವುದೂ ಮುಖ್ಯ. ಎಷ್ಟೋ ಕಡೆ ಈ ಸಾಲು ಹಳೇ ಕಾರ್ಡಿನಿಂದ ಹಾಗೇ ಇಳಿದುಬಂದಿದೆ, ಯಾರೂ ಮತ್ತೆ ಕೂತು ನೋಡಿಲ್ಲ. ಅದು ಬೇರೆ ಮಾತು.

ಮ್ಯಾಚ್ ಪ್ಲೇನಲ್ಲಿ ಪೂರ್ತಿ 100 ಪರ್ಸೆಂಟ್. ನನ್ನ 20ರಲ್ಲಿ ಅವರ 4 ಕಳೆದರೆ 16. ಸ್ಟ್ರೋಕ್ ಇಂಡೆಕ್ಸ್ 17 ಮತ್ತು 18 ಬಿಟ್ಟು ಎಲ್ಲ ಹೋಲ್‌ನಲ್ಲೂ ನನಗೊಂದು ಸ್ಟ್ರೋಕ್. ಕೇಳಿದರೆ ಮೋಸ ಅನ್ನಿಸುತ್ತದೆ, ಅಲ್ಲವೇ? ಒಂದು ಹೋಲ್ ಆಡಿ ತೋರಿಸುತ್ತೇನೆ. ಏರಿನ ಮೇಲೆ ಗ್ರೀನ್ ಇರುವ ಪಾರ್ 4. ಅವರು ಡ್ರೈವ್ ಹೊಡೆದು, ಎಂಟನೇ ಐರನ್ ತೆಗೆದು ಎರಡರಲ್ಲಿ ಗ್ರೀನ್ ಮೇಲೆ. ನನ್ನ ಡ್ರೈವ್ 160 ಗಜ, ಆಮೇಲಿನ ವುಡ್ ಬಂಕರಿನ ಪಕ್ಕದಲ್ಲಿ ನಿಂತಿತು. ಅಲ್ಲಿಂದ ಚಿಪ್ ಮಾಡಿ ಮೂರರಲ್ಲಿ ಗ್ರೀನ್ ಮೇಲೆ, ಹನ್ನೆರಡು ಅಡಿ ದೂರ. ಅವರ ಉದ್ದನೆಯ ಪಟ್ ರಂಧ್ರ ದಾಟಿ ನಾಲ್ಕು ಅಡಿ ಆಚೆ ಹೋಯಿತು. ನನ್ನದು ಅಂಚಿಗೆ ಬಂದು ನಿಂತಿತು, ತಟ್ಟಿದೆ, ಐದು. ನೆಟ್ ನಾಲ್ಕು. ಈಗ ಅವರು ಆ ನಾಲ್ಕಡಿ ಪಟ್ ಹಾಕಿದರೆ ಹೋಲ್ ಸಮ, ತಪ್ಪಿದರೆ ನನಗೆ. ಅವರ ಕ್ಯಾಡಿ ಎರಡು ಸಲ ಲೈನ್ ನೋಡಿದ. ಪಟ್ ತಪ್ಪಿತು. ಹ್ಯಾಂಡಿಕ್ಯಾಪ್ ಇಲ್ಲದಿದ್ದರೆ ಅದೇ ಪಟ್ ಹಾಕಿ ಗೆಲ್ಲುತ್ತಿದ್ದರು, ತಪ್ಪಿದರೂ ಹಾಫ್ ಸಿಗುತ್ತಿತ್ತು. ಯಾವ ಭಯಕ್ಕೆ ಕೈ ನಡುಗಬೇಕಿತ್ತು? ಅವರಿಗೆ ಪಂದ್ಯ ಅಂತ ಒಂದಿದ್ದದ್ದೇ ನನ್ನ ಸ್ಟ್ರೋಕಿನಿಂದ.

ಹೆಂಗಸಾಗಿ ಇನ್ನೊಂದು ಮಾತು ಹೇಳಲೇಬೇಕು. ಬ್ರಿಟನ್ನಿನಲ್ಲಿ 1893ರಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ ಹುಟ್ಟಿತು. ಅದರ ಮೊದಲ ಕಾರ್ಯದರ್ಶಿ ಇಸೆಟ್ ಪಿಯರ್ಸನ್. ಗಂಡಸರ ಕ್ಲಬ್ಬುಗಳು ತಮ್ಮ ತಮ್ಮ ಮನಸ್ಸಿಗೆ ಬಂದ ಲೆಕ್ಕದಲ್ಲಿ ಆಡಿಕೊಂಡಿದ್ದಾಗ, ಎಲ್ಲ ಕ್ಲಬ್ಬಿನ ಹೆಂಗಸರೂ ಒಂದೇ ಲೆಕ್ಕದಲ್ಲಿ ಆಡಬೇಕೆಂದು ಹಟ ಹಿಡಿದು ಸಾಧಿಸಿದವರು ಅವರು. ಬೇರೆ ಊರಿನ ಕ್ಲಬ್ಬಿಗೆ ಹೋಗಿ ಅಪರಿಚಿತರ ಜೊತೆ ಸಮನಾಗಿ ಆಡಬಹುದು ಎಂಬುದನ್ನು ಇವತ್ತು ಎಲ್ಲರೂ ತಮ್ಮ ಹಕ್ಕು ಎಂಬಂತೆ ಅನುಭವಿಸುತ್ತಿದ್ದಾರೆ.

ಮತ್ತೆ ಆ ಸ್ಯಾಂಡ್‌ಬ್ಯಾಗಿಂಗ್ ಕಥೆ. ಬೇಕೆಂದೇ ಕೆಟ್ಟ ಕಾರ್ಡ್ ಹಾಕಿ ಹ್ಯಾಂಡಿಕ್ಯಾಪ್ ಏರಿಸಿಕೊಳ್ಳುವವರು ಇದ್ದಾರೆ, ಯಾರು ಇಲ್ಲ ಅಂದರು? ಅದಕ್ಕೇ ಏರುವುದಕ್ಕೆ ಮಿತಿ ಇದೆ: ವರ್ಷದೊಳಗಿನ ಕನಿಷ್ಠ ಇಂಡೆಕ್ಸಿಗಿಂತ 3 ದಾಟಿದರೆ ಆಮೇಲಿನ ಏರಿಕೆ ಅರ್ಧ, 5 ದಾಟುವಂತೆಯೇ ಇಲ್ಲ. ಒಂದು ದಿನ ಇಂಡೆಕ್ಸಿಗಿಂತ 7 ಉತ್ತಮವಾಗಿ ಆಡಿದರೆ ತಾನಾಗಿ 1 ಕಟ್, 10 ಉತ್ತಮವಾದರೆ 2 ಕಟ್. ಇಷ್ಟಾದ ಮೇಲೂ ಕದಿಯುವವರ ಹೆಸರು ಕ್ಯಾಡಿಗಳಿಗೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಪಂದ್ಯ ಸಮಿತಿಗೆ ಮಾತ್ರ. ಸಮಿತಿ ಕೆಲಸ ಮಾಡದಿದ್ದರೆ ಅದು ಪದ್ಧತಿಯ ತಪ್ಪಲ್ಲ.

ವಿರೋಧ
(ಹ್ಯಾಂಡಿಕ್ಯಾಪ್ 3, ಪಂದ್ಯ ಸಮಿತಿಯ ಮಾಜಿ ಸದಸ್ಯ)

ಸಂಪಾದಕರು ಫೋನ್ ಮಾಡಿ "ಸರ್, ಗ್ರಾಸ್ ಪರವಾಗಿ ಬರೆಯೋರು ಯಾರೂ ಸಿಗ್ತಿಲ್ಲ" ಅಂದರು. ನನಗೆ ತೋಚಿದ್ದನ್ನು ಬರೆಯುತ್ತೇನೆ.

ಮೊದಲನೆಯದು, ಆಟದಲ್ಲಿ ಕಡಿಮೆ ಹೊಡೆದವನು ಗೆಲ್ಲಬೇಕು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ಯಾರೂ ಅವರಿಗೆ ಸ್ಟ್ರೋಕ್ ಕೊಡಲಿಲ್ಲ. ಅವರು ಕೇಳಲೂ ಇಲ್ಲ. ಅದು ವೃತ್ತಿಪರರ ಪಂದ್ಯ, ಕ್ಲಬ್ ಬೇರೆ ಎನ್ನುತ್ತೀರಿ. ಇರಬಹುದು.

ಎರಡನೆಯದು ದೊಡ್ಡ ಫೀಲ್ಡಿನ ಸಮಸ್ಯೆ. ನೂರು ಜನ ಆಡುವ ಮೆಡಲ್ ಪಂದ್ಯ ತೆಗೆದುಕೊಳ್ಳಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹದಿನೈದರ ಮೇಲಿನ ಹ್ಯಾಂಡಿಕ್ಯಾಪಿನವರು. ಅವರ ಸ್ಕೋರು ಮೇಲೆ ಕೆಳಗೆ ತುಂಬಾ ಓಲಾಡುತ್ತದೆ. ಆ ಐವತ್ತು ಅರವತ್ತು ಮಂದಿಯಲ್ಲಿ ಒಬ್ಬರಿಗೆ ಆ ದಿನ ಎಲ್ಲ ಪಟ್ಟೂ ಬೀಳುತ್ತದೆ, ಮರಕ್ಕೆ ಹೊಡೆದ ಚೆಂಡೂ ಫೇರ್‌ವೇಗೆ ಬಂದು ಬೀಳುತ್ತದೆ. ನೆಟ್ 64. ಮೂರರವನು ಅದಕ್ಕೆ ಸಮ ಮಾಡಬೇಕಾದರೆ ಪಾರ್ 72ರ ಕೋರ್ಸಿನಲ್ಲಿ 67 ಹೊಡೆಯಬೇಕು. 67 ಹೊಡೆಯುವ ಹಾಗಿದ್ದರೆ ನಾನು ಮೂರರವನಾಗಿರುತ್ತಿರಲಿಲ್ಲ. 95 ಪರ್ಸೆಂಟಿಗೆ ಇಳಿಸಿದ್ದೇವಲ್ಲ ಎನ್ನುತ್ತಾರೆ. ಇಪ್ಪತ್ತರವನಿಗೆ ಅದರಿಂದ ಹೋಗುವುದು ಒಂದೇ ಸ್ಟ್ರೋಕ್. ಇಬ್ಬರೇ ಆಡುವಾಗ ಹ್ಯಾಂಡಿಕ್ಯಾಪ್ ಕಡಿಮೆ ಇರುವವನಿಗೇ ಸ್ವಲ್ಪ ಲಾಭ, ಅದನ್ನು ಒಪ್ಪುತ್ತೇನೆ. ನೂರು ಜನರ ನಡುವೆ ಅದು ತಿರುಗುಮುರುಗು ಆಗುತ್ತದೆ. ಹೋಲ್ ಹೋಲಿಗೂ ಅಂಕ ಕೊಡುವ ಸ್ಟೇಬಲ್‌ಫೋರ್ಡ್‌ನಲ್ಲಂತೂ ಹೋಲೊಂದಕ್ಕೆ ಹತ್ತು ಹೊಡೆದರೂ ಸೊನ್ನೆಯೇ, ಕೆಟ್ಟ ಹೋಲ್ ಅಲ್ಲಿಗೇ ಮರೆತುಹೋಗುತ್ತದೆ. ಅದು ಯಾರಿಗೆ ಅನುಕೂಲ ಎಂದು ಬೇರೆ ಹೇಳಬೇಕೇ?

ಮೂರನೆಯದು, ಸಮಾನರು ಸಮಾನರ ಜೊತೆ ಆಡಲಿ. ಕಂಬಳದಲ್ಲಿ ನೇಗಿಲು ಕಿರಿಯದ ಕೋಣಗಳಿಗೆ ಹಗ್ಗ ಹಿರಿಯದ ಎದುರು ಎರಡು ಸೆಕೆಂಡ್ ಬಿಟ್ಟುಕೊಟ್ಟು ಓಡಿಸುತ್ತಾರೆಯೇ? ಬೇರೆ ವಿಭಾಗ, ಬೇರೆ ಬಹುಮಾನ. ಕ್ಲಬ್ಬಿನಲ್ಲೂ ಎ, ಬಿ, ಸಿ ಡಿವಿಷನ್ ಮಾಡಿ ಮೂರರಲ್ಲೂ ಗ್ರಾಸ್ ಸ್ಕೋರಿಗೇ ಕೊಟ್ಟರೆ ಗೊಂದಲ ಇರುವುದಿಲ್ಲ. (ಯಾರು ಯಾವ ಡಿವಿಷನ್ ಎಂದು ತೀರ್ಮಾನಿಸಲು ಹ್ಯಾಂಡಿಕ್ಯಾಪ್ ಬೇಕಾಗುತ್ತದೆ. ಅಷ್ಟರ ಮಟ್ಟಿಗೆ ಇರಲಿ.)

ನಾಲ್ಕನೆಯದು, ಕಾರ್ಡುಗಳ ಮೇಲೆ ನಂಬಿಕೆ. ಭಾನುವಾರದ ಆಟದಲ್ಲಿ ಮೂರಡಿ ಪಟ್ಟಿಗೆ "ಕೊಟ್ಟೆ ಸರ್, ಎತ್ಕೊಳ್ಳಿ" ಅನ್ನುವುದು ನಮ್ಮಲ್ಲಿ ಮರ್ಯಾದೆ. ಹಾಗೆ ಎತ್ತಿಕೊಂಡ ಪಟ್ಟುಗಳೆಲ್ಲ ಕಾರ್ಡಿನಲ್ಲಿ ಒಂದೇ ಪಟ್ ಎಂದು ಸೇರುತ್ತವೆ. ಇದರಿಂದ ಹ್ಯಾಂಡಿಕ್ಯಾಪ್ ಏರುವುದಿಲ್ಲ, ಇಳಿಯುತ್ತದೆ. ಪಾಪ, ಅಂಥವರು ಎಂದೂ ಗೆಲ್ಲುವುದಿಲ್ಲ. ಗೆಲ್ಲುವವರು ಇನ್ನೊಂದು ಜಾತಿ. ವರ್ಷವಿಡೀ ಒಳ್ಳೆಯ ರೌಂಡಿನ ಕಾರ್ಡ್ ಜೇಬಿನಲ್ಲೇ ಉಳಿಯುತ್ತದೆ, ಕೆಟ್ಟದ್ದು ತಪ್ಪದೆ ಕಂಪ್ಯೂಟರಿಗೆ ಹೋಗುತ್ತದೆ. ಸಮಿತಿಯಲ್ಲಿದ್ದಾಗ ನಾವು ಒಬ್ಬರ ಹ್ಯಾಂಡಿಕ್ಯಾಪನ್ನು ಪರಿಶೀಲಿಸಿ ಇಳಿಸಬಹುದಿತ್ತು, ನಿಯಮದಲ್ಲಿ ಆ ಅಧಿಕಾರ ಇದೆ. ಇಳಿಸಲಿಲ್ಲ. ಸಂಜೆ ಅವರ ಜೊತೆಯಲ್ಲೇ ಕೂತು ಕಾಫಿ ಕುಡಿಯಬೇಕಲ್ಲ.

ಐದನೆಯದು, ಹವಾಮಾನದ ಹೊಂದಾಣಿಕೆ. ಆ ದಿನ ಎಲ್ಲರೂ ಹೇಗೆ ಆಡಿದರು ಎಂದು ನೋಡಿ ಕಂಪ್ಯೂಟರ್ ಮೈನಸ್ 1ರಿಂದ ಪ್ಲಸ್ 3ರವರೆಗೆ ಒಂದು ಅಂಕಿ ಕೊಡುತ್ತದೆ. ಹೆಚ್ಚಿನ ದಿನ ಸೊನ್ನೆ. ಜೋರು ಗಾಳಿ ಬೀಸಿದ ದಿನವೂ ಸೊನ್ನೆ ಬಂದದ್ದಿದೆ. ಸದಸ್ಯರು ಯಾಕೆ ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಗ್ರಾಸ್ ಟ್ರೋಫಿ ಈಗಲೂ ಒಂದಿದೆ, ಅದು ಸಾಲದೇ ಎಂದು ಕೇಳುತ್ತೀರಿ. ಇದೆ. ಕೆಲವು ವರ್ಷಗಳಿಂದ ನಾವು ಮೂವರೇ ಸರದಿಯ ಮೇಲೆ ಗೆಲ್ಲುತ್ತಿದ್ದೇವೆ. ಅದಕ್ಕೆ ಹೆಸರು ಕೊಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಅದೂ ನಿಜ. ನೆಟ್ ಪಂದ್ಯದ ದಿನವೇ ಕಾರ್ ಪಾರ್ಕಿಂಗಿನಲ್ಲಿ ಜಾಗ ಸಿಗುವುದಿಲ್ಲ. ಕ್ಲಬ್ ನಡೆಯುವುದೇ ಆ ಜನರ ದುಡ್ಡಿನಿಂದ ಎಂದು ಖಜಾಂಚಿ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಹ್ಯಾಂಡಿಕ್ಯಾಪ್ ಇಲ್ಲದಿದ್ದರೆ ನಾನೂ ಅದೇ ಮೂರು ಮುಖ ನೋಡಿಕೊಂಡು ಆಡಬೇಕಾಗುತ್ತಿತ್ತು.

ಆದ್ದರಿಂದ ನೆಟ್ ಪಂದ್ಯ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಕಪ್ ಕೊಡಿ, ಬಹುಮಾನ ಕೊಡಿ. ಕ್ಲಬ್‌ಹೌಸಿನ ಗೋಡೆಯಲ್ಲಿರುವ ಮರದ ಹಲಗೆಯ ಮೇಲೆ ಬಂಗಾರದ ಅಕ್ಷರದಲ್ಲಿ ಬರೆಸುವ ಹೆಸರು ಮಾತ್ರ ಗ್ರಾಸ್ ಗೆದ್ದವರದಾಗಿರಲಿ. ಮುಂದಿನ ವಾರ್ಷಿಕ ಸಭೆಯಲ್ಲಿ ಈ ಸೂಚನೆ ಮಂಡಿಸುವವನಿದ್ದೇನೆ. ಅನುಮೋದಿಸಲು ಒಬ್ಬರು ಸಿಗಬೇಕು. ಉಳಿದ ಇಬ್ಬರನ್ನು ಕೇಳಿದ್ದೇನೆ.