ಕಾದಂಬರಿ ಬರೆಯಿರಿ ಸಾರ್, ಮೊದಲು ನಮ್ಮ ದೂರು ಸರಿಯಾಗಿ ಬರೆಯಿರಿ

ಪೊಲೀಸ್ ಅಧಿಕಾರಿಯೊಬ್ಬರು ಪತ್ತೇದಾರಿ ಕಾದಂಬರಿ ಬರೆದರೆ ನಮ್ಮ ಮಾಧ್ಯಮಗಳಿಗೆ ಹಬ್ಬ. ‘ಖಾಕಿಯೊಳಗಿನ ಸಾಹಿತಿ’ ಎಂಬ ತಲೆಬರಹ, ಪುಸ್ತಕದ ಕಪಾಟಿನ ಮುಂದೆ ಒಂದು ಫೋಟೊ, ಡ್ಯೂಟಿ ಮುಗಿಸಿ ರಾತ್ರಿ ಎಷ್ಟು ಹೊತ್ತು ಓದುತ್ತಾರೆ ಎಂಬ ವಿವರ. ಅಲ್ಲಿಗೆ ಸುದ್ದಿ ಮುಗಿಯಿತು. ಆ ಓದಿನಿಂದ ಠಾಣೆಯ ಮೆಟ್ಟಿಲು ಹತ್ತಿದವರಿಗೆ ಏನು ಸಿಕ್ಕಿತು? ಅದನ್ನು ನಾವು ಕೇಳುತ್ತೇವೆ.

ಬರೆಯುವ ಪೊಲೀಸರ ಮೇಲೆ ನಮಗೆ ಸಿಟ್ಟಿಲ್ಲ. ಡಿಜಿಪಿಯಾಗಿ ನಿವೃತ್ತರಾದ ಡಿ.ವಿ. ಗುರುಪ್ರಸಾದ್ ಅಪರಾಧ ಲೋಕದ ಬಗ್ಗೆ ಕನ್ನಡದಲ್ಲಿ ಸಾಲು ಸಾಲು ಪುಸ್ತಕ ಬರೆದಿದ್ದಾರೆ. ಬಿ.ಬಿ. ಅಶೋಕ್ ಕುಮಾರ್ ತಮ್ಮ ಸೇವೆಯ ನೆನಪುಗಳನ್ನು ಪುಸ್ತಕ ಮಾಡಿದ್ದಾರೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಕೈಯಿಂದ ಕೈಗೆ ದಾಟಿಸಿ ಓದಿದ ಜನ ನಮ್ಮವರು. ಓದುವ ಪೊಲೀಸರು ಒಳ್ಳೆಯ ಪೊಲೀಸರಾಗಬಹುದು ಎಂಬುದನ್ನೂ ಒಪ್ಪುತ್ತೇವೆ. ಆದರೆ ಅದನ್ನು ಅಳೆಯುವ ಜಾಗ ಪುಸ್ತಕ ಬಿಡುಗಡೆಯ ವೇದಿಕೆ ಅಲ್ಲ, ಠಾಣೆಯ ಮೇಜು.

ತುಮಕೂರು ಕಡೆಯ ಹುಡುಗನೊಬ್ಬ ವಿಜಯನಗರದಲ್ಲಿ ರೂಮು ಮಾಡಿಕೊಂಡು ಕಾಮಾಕ್ಷಿಪಾಳ್ಯದ ಕಾರ್ಖಾನೆಗೆ ಹೋಗುತ್ತಾನೆ ಅಂದುಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಮಾಗಡಿ ರಸ್ತೆಯಲ್ಲಿ ಬರುವಾಗ ಬೈಕಿನವರು ಮೊಬೈಲ್ ಕಿತ್ತುಕೊಂಡು ಹೋಗುತ್ತಾರೆ. ರಾಜಾಜಿನಗರವೋ ಕೆಂಗೇರಿಯೋ ನಿಮ್ಮೂರೋ, ಎಲ್ಲಿ ಹೀಗಾದರೂ ಜನ ಹೆದರುವುದು ಎರಡು ಮಾತಿಗೆ. ಒಂದು, ‘ಇದು ನಮ್ಮ ವ್ಯಾಪ್ತಿ ಅಲ್ಲ.’ ಇನ್ನೊಂದು, ‘ಕಳೆದುಹೋಗಿದೆ ಅಂತ ಬರೆದುಕೊಡು, ಹೊಸ ಸಿಮ್ ತಗೊಳ್ಳೋಕೆ ಅಷ್ಟು ಸಾಕು.’

‘ಕಿತ್ತುಕೊಂಡರು’ ಹೋಗಿ ‘ಕಳೆದುಹೋಯಿತು’ ಬಂದರೆ ಅಪರಾಧವೇ ಮಾಯ. ಕಳ್ಳನೂ ಇಲ್ಲ, ತನಿಖೆಯೂ ಇಲ್ಲ, ಠಾಣೆಯ ಲೆಕ್ಕದಲ್ಲಿ ಒಂದು ಕೇಸು ಕಡಿಮೆ.

ಒಂದು ಪದದ ತೂಕವನ್ನು ಥ್ರಿಲ್ಲರ್ ಬರೆಯುವವರಿಗೆ ನಾವು ಹೇಳಿಕೊಡಬೇಕೇ? ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತೋ ಹೊರಗಿನಿಂದಲೋ ಎಂಬುದರ ಮೇಲೆ ಇಡೀ ಕತೆ ನಿಲ್ಲಿಸುವವರು ಅವರು. ಎಫ್‌ಐಆರ್‌ಗೆ ಬಂದರೆ ಮಾತ್ರ ಅದೇ ಹಳೇ ಅಚ್ಚು: ‘ಪಿರ್ಯಾದುದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ...’ ಅಲ್ಲಿಂದ ಪುಟದ ಕೊನೆವರೆಗೂ ಒಂದೇ ವಾಕ್ಯ. ಹೆಬ್ಬೆಟ್ಟು ಒತ್ತಿದ ಹೆಣ್ಣುಮಗಳಿಗೆ ತಾನು ಹೇಳಿದ್ದು ಇದೇನಾ ಎಂದು ಗುರುತು ಸಿಗುವುದಿಲ್ಲ. ನಾಳೆ ಕೋರ್ಟಿನಲ್ಲಿ ವಕೀಲರು ಅದೇ ಹಾಳೆ ಹಿಡಿದು ‘ಅವತ್ತು ಹೀಗೆ ಹೇಳಿಲ್ಲವಲ್ಲಮ್ಮ’ ಎಂದಾಗ ತಡವರಿಸುವವಳು ಅವಳೇ, ಬರೆದವರಲ್ಲ.

ಸಿಬ್ಬಂದಿ ಕಡಿಮೆ, ಬಂದೋಬಸ್ತ್ ಜಾಸ್ತಿ ಎನ್ನುತ್ತಾರೆ. ನಿಜವೇ. ಆದರೆ ಹೇಳಿದ್ದನ್ನು ಹೇಳಿದಂತೆ ಬರೆಯುವುದಕ್ಕೆ ಹೆಚ್ಚು ಜನ ಬೇಕಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನುಗಳಲ್ಲಿ ಕಿತ್ತುಕೊಂಡು ಹೋಗುವುದು ಪ್ರತ್ಯೇಕ ಅಪರಾಧ. ಅದು ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ.

ಇನ್ನು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೆನಪಿಟ್ಟುಕೊಳ್ಳಿ. ಘಟನೆ ಎಲ್ಲೇ ನಡೆದಿರಲಿ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಬಾಯಿಮಾತಿನಲ್ಲಿ ಹೇಳಿದ್ದನ್ನು ಪೊಲೀಸರೇ ಬರೆದು, ನಿಮಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಪ್ರತಿ ಉಚಿತವಾಗಿ ಕೊಡಬೇಕು. ಒಪ್ಪದಿದ್ದರೆ ಎಸ್ಪಿಗೆ, ಬೆಂಗಳೂರಾದರೆ ಡಿಸಿಪಿಗೆ, ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ನಮ್ಮ ಠಾಣೆಗಳಲ್ಲಿ ‘ರೈಟರ್’ ಎಂದೇ ಕರೆಸಿಕೊಳ್ಳುವ ಸಿಬ್ಬಂದಿ ಇರುತ್ತಾರೆ. ಅವರ ಬರಹಕ್ಕೆ ಮುನ್ನುಡಿ ಇಲ್ಲ, ಪ್ರಶಸ್ತಿಯೂ ಇಲ್ಲ. ಆದರೆ ಒಬ್ಬರಿಗೆ ನ್ಯಾಯ ಸಿಗುತ್ತದೋ ಇಲ್ಲವೋ ಎಂಬುದು ಆ ಹಾಳೆಯಿಂದಲೇ ಶುರುವಾಗುತ್ತದೆ. ಕಾದಂಬರಿ ಬರೆಯುವ ಅಧಿಕಾರಿಗಳೇ, ನಿಮ್ಮ ಮುಂದಿನ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ನಿಮ್ಮ ರೈಟರ್ ಪಕ್ಕ ಕೂತು ಹತ್ತು ದೂರುಗಳನ್ನು ಗಟ್ಟಿಯಾಗಿ ಓದಿ ನೋಡಿ. ದೂರು ಕೊಟ್ಟವರಿಗೆ ಅದು ತಮ್ಮದೇ ಮಾತು ಅನ್ನಿಸಿದರೆ, ನಿಮ್ಮ ಕಾದಂಬರಿಯನ್ನೂ ನಾವು ಕಾಸು ಕೊಟ್ಟೇ ಓದುತ್ತೇವೆ.