ಸಂಚಕಾರ ಕೊಡುವ ಮುನ್ನ ನಂಬರು ಕೇಳಿ!

ಯುವ ಕನ್ನಡಿಗರೇ,

ಹುನಗುಂದ ಸೀಮೆಯ ರಾಮಥಾಳದ ಹೆಸರು ಕೇಳಿದ್ದೀರಾ? ಕೃಷ್ಣೆಯ ನೀರನ್ನು 24 ಸಾವಿರ ಹೆಕ್ಟೇರ್ ಹೊಲಕ್ಕೆ ಹನಿಹನಿಯಾಗಿ ಉಣಿಸಲು ಹೊರಟ ಯೋಜನೆಗೆ ಆ ಊರಿನದೇ ಹೆಸರು. ಅಲ್ಲಿಯ ಅಪ್ಪನೊಬ್ಬ ಎರಡೆಕರೆ ಎರೆಹೊಲ ಮಾರಿ, ಬೆಂಗಳೂರಿನಲ್ಲಿ ದುಡಿಯುವ ಮಗನಿಗೆ ಸೈಟು ಕೊಡಿಸಲು ಹೊರಟನೆನ್ನಿ. ಆತನ ಜೀವಮಾನದ ಬೆವರು ಈಗ ಒಬ್ಬ ಏಜೆಂಟನ ಬಾಯಿಮಾತಿನ ಮೇಲಿದೆ! ಅವನು ಯಾರು? 'ನಮ್ಮ ಕಡೆಯವನು, ನಮ್ಮ ಭಾಷೆಯವನು' ಎಂದರೆ ಸಾಕೇ? ಸಾಲದು! ಮೋಸಕ್ಕೂ ಸೊಗಸಾದ ಕನ್ನಡ ಬರುತ್ತದೆ.

2016ರ ರೇರಾ ಕಾಯ್ದೆಯಂತೆ ಬಡಾವಣೆಯ ಸೈಟು ಮಾರಿಸುವ ಏಜೆಂಟ್ ನೋಂದಣಿ ಮಾಡಿಸಿರಬೇಕು. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ. ನಂಬರು ಕೇಳಿ. ಅವನದನ್ನೂ ಬಡಾವಣೆಯದನ್ನೂ ಕರ್ನಾಟಕ ರೇರಾ ಜಾಲತಾಣದಲ್ಲಿ ತಾಳೆ ನೋಡಿ. ನಂಬರಿದ್ದವರೆಲ್ಲ ಸಾಚಾಗಳಲ್ಲ, ಭೂಪರಿವರ್ತನೆ ಆದೇಶ, ಖಾತೆ, ಋಣಭಾರ ಪತ್ರ ತೋರಿಸಲಿ. ಕಮಿಷನ್ ಎಷ್ಟೆಂದು ಮೊದಲೇ ಬರೆಸಿಕೊಳ್ಳಿ. ನೋಂದಾಯಿತ ಕರಾರಿಲ್ಲದೆ ಬಡಾವಣೆಯವರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಆದರೆ ಬರೀ ಹೊಲ ಮಾರಿಸುವ ಊರ ದಲ್ಲಾಳಿ ಈ ಕಾಯ್ದೆಯ ಕೈಗೆ ಸಿಗುವುದಿಲ್ಲ! ಅಲ್ಲಿ ಅಪ್ಪನ ಪಕ್ಕ ಕೂತು ಉತಾರ ಓದಬೇಕಾದವರು ನೀವೇ.

ಇಂಗ್ಲಿಷ್ ಕರಾರಿಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿ. 'ನಾಳೆ ರೇಟು ಏರುತ್ತೆ' ಎಂದು ಅವಸರಪಡಿಸುವವನಿಗೆ ಹೇಳಿ: ಹೊಲ ಉಳಿಸಿಕೊಳ್ಳಲು ಮೂರು ತಲೆಮಾರು ದುಡಿದಿದ್ದೇವೆ, ಕಾಗದ ಓದಲು ಮೂರು ದಿನ ಕಾಯಪ್ಪಾ!